ಆ ಡಾಲರು ಆಗಲೇ ರೂಪಾಯಿಯಾಗಿ ಊರು ಸೇರಿದೆ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವನು. ರಾಯಚೂರಿನಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ರಿಸರ್ವ್ ಬ್ಯಾಂಕಿನಲ್ಲಿ 600 ಬಿಲಿಯನ್ ಡಾಲರಿಗೂ ಮೇಲೆ ವಿದೇಶಿ ವಿನಿಮಯ ಸಂಗ್ರಹ ಇದೆಯೆಂದು ವಾರವಾರ ಪತ್ರಿಕೆಯಲ್ಲಿ ಬರುತ್ತದೆ. ಅಷ್ಟು ಹಣ ಹೊರದೇಶದಲ್ಲಿ ಸುಮ್ಮನೆ ಬಿದ್ದಿರುವಾಗ ಅದರಲ್ಲೊಂದು ಪಾಲನ್ನು ನಮ್ಮ ಭಾಗದ ಕಾಲುವೆ, ರಸ್ತೆ, ಆಸ್ಪತ್ರೆಗೆ ಯಾಕೆ ಹಾಕಬಾರದು? ಇನ್ನೊಂದು ಮಾತು. ಪರೀಕ್ಷೆಗೆಂದು ಗವರ್ನರುಗಳ ಹೆಸರು, ಇಸವಿ ಎಲ್ಲ ಬಾಯಿಪಾಠ ಮಾಡಿದ್ದೇನೆ. ಅವರು ಎಂಥವರು, ಏನು ಮಾಡಿದರು ಎಂಬುದು ಮಾತ್ರ ತಲೆಗೆ ಹತ್ತಿಲ್ಲ. ನಿಮ್ಮ ನೆನಪಿನಲ್ಲಿ ಉಳಿದವರ ಬಗ್ಗೆ ಹೇಳುತ್ತೀರಾ?

ಉತ್ತರ: ನಿಮ್ಮ ಬೇಡಿಕೆ ನ್ಯಾಯವಾದದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವೇ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಆ ವಿಭಾಗದೊಳಗಿದ್ದವು. ಹಾಗಾಗಿ ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಆದರೆ ನೀವು ತಟ್ಟುತ್ತಿರುವ ಬಾಗಿಲು ಅದಲ್ಲ. ಯಾಕೆ ಅಲ್ಲ ಎನ್ನುವುದು ಅರ್ಥವಾದರೆ ನಿಮ್ಮ ಎರಡನೇ ಪ್ರಶ್ನೆಯ ಉತ್ತರವೂ ಅರ್ಧ ಸಿಕ್ಕಂತೆ. ನಮ್ಮ ದೊಡ್ಡ ಅರ್ಥಶಾಸ್ತ್ರಜ್ಞರಲ್ಲಿ ಹಲವರು ಇದೊಂದು ವಿಷಯದ ಸುತ್ತಲೇ ಜೀವಮಾನ ಸವೆಸಿದ್ದಾರೆ.

ರಿಸರ್ವ್ ಬ್ಯಾಂಕಿನ ಡಾಲರು ಸರ್ಕಾರದ ಉಳಿತಾಯವಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ರಾಯಚೂರಿನಲ್ಲೇ ನೋಡಬಹುದು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹತ್ತಿ ಮಾರುಕಟ್ಟೆಗೆ ಹೋಗಿ. ಖರೀದಿದಾರ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಳಗಿನ ಹತ್ತಿಯನ್ನೇ ಹಿರಿದು ತೆಗೆಯುತ್ತಾನೆ. ಮೇಲಿನದು ಬಿಸಿಲಿಗೆ ಒಣಗಿರುತ್ತದೆ, ತೇವ ಇರುವುದು ಒಳಗೆ. ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ ಎಳೆಯ ಉದ್ದ ನೋಡುತ್ತಾನೆ. ಆಮೇಲೆ ಮೊಬೈಲ್ ತೆಗೆಯುತ್ತಾನೆ. ನ್ಯೂಯಾರ್ಕಿನಲ್ಲಿ ಒಂದು ಪೌಂಡ್ ಅರಳೆಗೆ ಎಷ್ಟು ಸೆಂಟ್, ಇವತ್ತು ಡಾಲರಿಗೆ ಎಷ್ಟು ರೂಪಾಯಿ, ಈ ಎರಡು ಅಂಕಿ ನೋಡಿಯೇ ಅವನು ಧಾರಣೆ ಹೇಳುವುದು. ನ್ಯೂಯಾರ್ಕಿನಲ್ಲಿ 80 ಸೆಂಟ್ ಇದ್ದು ಡಾಲರಿಗೆ 75 ರೂಪಾಯಿ ಇದ್ದರೆ ಕಿಲೋ ಅರಳೆಗೆ ಸುಮಾರು 132 ರೂಪಾಯಿ ಬೀಳುತ್ತದೆ. ನ್ಯೂಯಾರ್ಕ್ ಕದಲದೆ ಡಾಲರು ಮಾತ್ರ 85 ಆದರೆ ಅದೇ ಅರಳೆ 150ರ ಹತ್ತಿರ ಹೋಗುತ್ತದೆ. ಮಸ್ಕಿಯ ರೈತ ಡಾಲರು ಕಂಡಿರಲಿಕ್ಕಿಲ್ಲ, ಅವನ ಪಟ್ಟಿಯಲ್ಲಿ ಡಾಲರು ಇದೆ.

ಆ ಅರಳೆ ಬಾಂಗ್ಲಾದೇಶಕ್ಕೆ ಹೋಯಿತೆನ್ನಿ. ರಫ್ತುದಾರನ ಖಾತೆಗೆ ಡಾಲರು ಬಂತು. ಅವನು ಅದನ್ನು ಬ್ಯಾಂಕಿಗೆ ಕೊಟ್ಟು ರೂಪಾಯಿ ತೆಗೆದುಕೊಂಡ. ಆ ರೂಪಾಯಿ ಜಿನ್ನಿಂಗ್ ಮಿಲ್ಲಿಗೆ, ಅಡತಿ ಅಂಗಡಿಗೆ, ಹಮಾಲರಿಗೆ, ರೈತನಿಗೆ ಹಂಚಿಹೋಯಿತು. ಬ್ಯಾಂಕು ಆ ಡಾಲರನ್ನು ಎಣ್ಣೆ, ಗೊಬ್ಬರ ಆಮದು ಮಾಡುವವರಿಗೆ ಮಾರಿತು. ಎಲ್ಲ ಮಾರಿಯೂ ಪೇಟೆಯಲ್ಲಿ ಡಾಲರು ಮಿಕ್ಕರೆ ರಿಸರ್ವ್ ಬ್ಯಾಂಕ್ ಕೊಳ್ಳುತ್ತದೆ, ಬದಲಿಗೆ ಹೊಸದಾಗಿ ರೂಪಾಯಿ ಹುಟ್ಟಿಸಿ ಕೊಡುತ್ತದೆ. ಅಂದರೆ ರಿಸರ್ವ್ ಬ್ಯಾಂಕಿನ ಕೈಯಲ್ಲಿರುವ ಪ್ರತಿ ಡಾಲರಿನ ಎದುರಿಗೆ ಅಷ್ಟು ರೂಪಾಯಿ ಈಗಾಗಲೇ ದೇಶದಲ್ಲಿ ಓಡಾಡುತ್ತಿದೆ. ಗೋದಾಮಿನಲ್ಲಿ ಭತ್ತ ಇಟ್ಟು, ರಶೀದಿ ಮೇಲೆ ಸಾಲ ಎತ್ತಿ, ಆ ದುಡ್ಡಿನಲ್ಲಿ ಮಗಳ ಮದುವೆ ಮಾಡಿದವನು ಮರುವರ್ಷ ಬಂದು ‘ನನ್ನ ಭತ್ತ ಅಲ್ಲೇ ಇದೆಯಲ್ಲ, ಅದರಲ್ಲಿ ಮನೆ ಕಟ್ಟುತ್ತೇನೆ’ ಅಂದರೆ ಹೇಗೋ ಇದೂ ಹಾಗೆ. ಅದೇ ಡಾಲರಿನ ಮೇಲೆ ಇನ್ನೊಮ್ಮೆ ರೂಪಾಯಿ ಹುಟ್ಟಿಸಿದರೆ ಅದು ಬರೀ ನೋಟು ಅಚ್ಚು ಹಾಕಿದಂತೆ. ಬೆಲೆ ಏರುತ್ತದೆ, ಮೊದಲು ಏಟು ತಿನ್ನುವವರು ಕೂಲಿಯವರು.

ಇದು ಪುಸ್ತಕದ ತರ್ಕ ಮಾತ್ರವಲ್ಲ, ಈ ದೇಶ ಒಮ್ಮೆ ಅನುಭವಿಸಿದ್ದು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಬಟ್ಟೆ, ಧಾನ್ಯ, ಸೆಣಬು ಎಲ್ಲ ಖರೀದಿಸಿತು. ದುಡ್ಡನ್ನು ಇಲ್ಲಿ ಕೊಡಲಿಲ್ಲ. ಲಂಡನ್ನಿನಲ್ಲಿ ನಿಮ್ಮ ಹೆಸರಿಗೆ ಇಷ್ಟು ಪೌಂಡು ಜಮಾ ಆಗಿದೆ ಎಂದು ಬರೆದುಕೊಂಡಿತು. ಆ ಬರವಣಿಗೆಯ ಆಧಾರದ ಮೇಲೆ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಹೊರಡಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯಲ್ಲಿದ್ದ ನೋಟು ಐದು ಪಟ್ಟಿಗೂ ಹೆಚ್ಚಾಗಿತ್ತು, ಸಾಮಾನು ಹೆಚ್ಚಿರಲಿಲ್ಲ. 1943ರ ಬಂಗಾಳದ ಬರಗಾಲದಲ್ಲಿ ಅಕ್ಕಿ ಬಡವರ ಕೈಗೆ ಎಟುಕದೆ ಹೋದುದಕ್ಕೆ ಈ ಬೆಲೆಯೇರಿಕೆಯೂ ಒಂದು ಕಾರಣ. ಅದೇ ವರ್ಷದ ಆಗಸ್ಟ್‌ನಲ್ಲಿ ಸಿ.ಡಿ. ದೇಶಮುಖ್ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆದರು. ಬ್ಯಾಂಕು ಹುಟ್ಟಿದ್ದು 1935ರ ಏಪ್ರಿಲ್ 1ರಂದು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರು ಇಬ್ಬರು ಬ್ರಿಟಿಷರು.

ದೇಶಮುಖರನ್ನು ನನ್ನ ವಿದ್ಯಾರ್ಥಿಗಳಿಗೆ ಪರಿಚಯಿಸುವಾಗ ನಾನು ಯಾವಾಗಲೂ ಹೇಳುತ್ತಿದ್ದದ್ದು 1944ರ ಜುಲೈ ತಿಂಗಳ ಬ್ರೆಟನ್ ವುಡ್ಸ್ ಸಮ್ಮೇಳನದ ಕಥೆ. 44 ದೇಶಗಳು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಹೋಟೆಲಿನಲ್ಲಿ ಸೇರಿ ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ವಿಶ್ವ ಬ್ಯಾಂಕಿಗೂ ಬುನಾದಿ ಹಾಕಿದವು. ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ. ನಿಯೋಗದ ಮುಖ್ಯಸ್ಥ ಜೆರೆಮಿ ರೈಸ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ. ಆದರೆ ಅವರ ಜೊತೆ ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್, ಬಿ.ಕೆ. ಮದನ್ ಇದ್ದರು. ಲಂಡನ್ನಿನಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಪೌಂಡುಗಳನ್ನು ಬೇರೆ ದೇಶದ ನಾಣ್ಯಕ್ಕೆ ಬದಲಾಯಿಸಿಕೊಳ್ಳಲು ನಿಧಿ ದಾರಿ ಮಾಡಿಕೊಡಬೇಕು ಎಂದು ಶ್ರಾಫ್ ವಾದಿಸಿದರು. ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿ ಬಾಡಿಗೆಗೆ ಚಿಲ್ಲರೆ ಇಲ್ಲದವನ ಸ್ಥಿತಿಗೆ ನಮ್ಮನ್ನು ತಂದಿದ್ದೀರಿ ಎಂಬ ಅರ್ಥದ ಮಾತನ್ನು ಆ ಸಭೆಯಲ್ಲಿ ಆಡಿದವರು ಅವರೇ. ಬ್ರಿಟನ್ನಿನ ಪರವಾಗಿ ಬಂದಿದ್ದ ಜಾನ್ ಮೇನಾರ್ಡ್ ಕೇನ್ಸ್ ಒಪ್ಪಲಿಲ್ಲ. ಅದು ಬ್ರಿಟನ್ನೂ ಸಾಲ ಕೊಟ್ಟವರೂ ಕೂತು ತೀರಿಸಿಕೊಳ್ಳುವ ಲೆಕ್ಕ ಎಂದರು. ವಾದದಲ್ಲಿ ನಮ್ಮವರು ಗೆಲ್ಲಲಿಲ್ಲ. ಆದರೂ ಗುಲಾಮ ದೇಶದಿಂದ ಹೋದ ಆ ನಾಲ್ಕಾರು ಜನ ಜಗತ್ತಿನ ಅತಿ ಹೆಸರುವಾಸಿ ಅರ್ಥಶಾಸ್ತ್ರಜ್ಞನ ಎದುರು ಅಂಕಿಅಂಶ ಹಿಡಿದು ನಿಂತರಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ನಿಧಿಯಲ್ಲಿ ಭಾರತಕ್ಕೆ 400 ಮಿಲಿಯನ್ ಡಾಲರ್ ಪಾಲು ಸಿಕ್ಕಿತು. ಸೋವಿಯತ್ ಒಕ್ಕೂಟ ಸೇರದೆ ಉಳಿದುದರಿಂದ ಅದು ಐದನೇ ದೊಡ್ಡ ಪಾಲಾಯಿತು.

ನಾಣ್ಯದ ಮೌಲ್ಯ ಯಾರು ನಿಶ್ಚಯಿಸಬೇಕು ಎಂಬ ಚರ್ಚೆ ನಮ್ಮ ಹಿರಿಯರಿಗೆ ದೂರದ್ದಾಗಿರಲಿಲ್ಲ. ತುಂಗಭದ್ರೆಯೇ ಗಡಿ. ಈಚೆ ದಡದ ಕಂಪ್ಲಿ, ಸಿರುಗುಪ್ಪ ಮದ್ರಾಸ್ ಪ್ರಾಂತ, ಆಚೆ ದಡದ ಗಂಗಾವತಿ, ಸಿಂಧನೂರು ನಿಜಾಮರ ಸೀಮೆ. ಇಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ, ಅಲ್ಲಿ ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್ ಎಂಬುದು ಲೆಕ್ಕ. ನಮ್ಮ ಅಜ್ಜ ಹರಿಗೋಲಿನಲ್ಲಿ ಬೆಲ್ಲ ದಾಟಿಸಿ, ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಿ, ಸಂಜೆ ವಾಪಸು ಬರುವಾಗ ಸರಾಫನ ಹತ್ತಿರ ಹಾಲಿಯನ್ನು ಕಲ್ದಾರ್ ಮಾಡಿಸಿಕೊಂಡು ಬರುತ್ತಿದ್ದರಂತೆ. ನಿಜಾಮರ ನೋಟಿನ ಮೇಲೆ ಕನ್ನಡದ ಅಕ್ಷರವೂ ಇತ್ತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಎರಡೂ ಸರ್ಕಾರಗಳು ಸೇರಿ ಅಡಿಗಲ್ಲು ಹಾಕಿದಾಗ ಹೊಸಪೇಟೆ ಬದಿಯ ಕೂಲಿಯ ನಾಣ್ಯವೇ ಬೇರೆ, ಮುನಿರಾಬಾದ್ ಬದಿಯ ಕೂಲಿಯ ನಾಣ್ಯವೇ ಬೇರೆ. ಪೊಲೀಸ್ ಕಾರ್ಯಾಚರಣೆ ಆಗಿ, 1950ರ ದಶಕದಲ್ಲಿ ಹಾಲಿ ಸಿಕ್ಕಾವನ್ನು ಹಂತಹಂತವಾಗಿ ಹಿಂತೆಗೆದುಕೊಂಡ ಮೇಲೆಯೇ ಈ ಹೊಳೆಯ ಎರಡೂ ದಡಕ್ಕೆ ಒಂದೇ ರೂಪಾಯಿ, ಒಂದೇ ರಿಸರ್ವ್ ಬ್ಯಾಂಕ್.

ಸರ್ಕಾರದ ಕೈಗೆ ನೋಟಿನ ಯಂತ್ರ ಸಿಗದಂತೆ ಕಟ್ಟು ಹಾಕಬೇಕು ಎಂದು ಬಹು ಮೊದಲೇ ಹೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1923ರಲ್ಲಿ ಪ್ರಕಟವಾದ ರೂಪಾಯಿ ಕುರಿತ ಅವರ ಸಂಶೋಧನೆಯಲ್ಲೂ, ಆಮೇಲೆ ಭಾರತದ ನಾಣ್ಯ ವ್ಯವಸ್ಥೆ ಪರಿಶೀಲಿಸಿದ ಹಿಲ್ಟನ್ ಯಂಗ್ ಆಯೋಗದ ಮುಂದೆ ಕೊಟ್ಟ ಸಾಕ್ಷ್ಯದಲ್ಲೂ ಅವರ ವಾದ ಒಂದೇ: ಎಷ್ಟು ರೂಪಾಯಿ ಹೊರಡಿಸಬೇಕೆಂಬುದು ಅಧಿಕಾರಿಗಳ ಮರ್ಜಿಗೆ ಬಿಡುವ ಮಾತಲ್ಲ. ಹಣದ ಮೌಲ್ಯ ಕುಸಿದರೆ ಕೂಲಿಯವರ ಹೊಟ್ಟೆಗೆ ಪೆಟ್ಟು ಬೀಳುತ್ತದೆ ಎಂಬ ಕಾಳಜಿ ಅದರ ಹಿಂದಿತ್ತು. ಅವರನ್ನು ನಾವು ಅರ್ಥಶಾಸ್ತ್ರಜ್ಞರೆಂದು ಕಾಲೇಜುಗಳಲ್ಲಿ ಸರಿಯಾಗಿ ಕಲಿಸಲಿಲ್ಲ ಎಂಬ ಕೊರಗು ನನಗಿದೆ.

ಸ್ವಾತಂತ್ರ್ಯ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ದೇಶಮುಖರ ನಂತರ ಬಂದ ಬೆನಗಲ್ ರಾಮರಾವ್ ನಮ್ಮ ಕರಾವಳಿ ಮೂಲದವರು, ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರ ಸಹೋದರ. ಅತಿ ದೀರ್ಘ ಕಾಲ, 1949ರಿಂದ 1957ರವರೆಗೆ, ಗವರ್ನರ್ ಆಗಿದ್ದವರು ಅವರೇ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದಾಗ, ಬಡ್ಡಿ ದರ ಏರಿಸಿದಷ್ಟೇ ಪರಿಣಾಮ ಆಗುವ ಇಂಥ ಕ್ರಮ ರಿಸರ್ವ್ ಬ್ಯಾಂಕಿನ ಕ್ಷೇತ್ರಕ್ಕೆ ಸೇರಿದ್ದೆಂದು ರಾಮರಾವ್ ಪಟ್ಟು ಹಿಡಿದರು. ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಹೊರಟರು. ಪಟ್ಟಿಯಲ್ಲಿ ಬರೀ ಇಸವಿ ಓದಿದರೆ ಇದು ಕಾಣುವುದಿಲ್ಲ.

ಅವರ ಕಾಲದಲ್ಲೇ, 1955ರಲ್ಲಿ, ಇನ್ನೊಂದು ಒಪ್ಪಂದ ಆಗಿತ್ತು. ಕೇಂದ್ರ ಸರ್ಕಾರದ ಖಾತೆಯಲ್ಲಿ ಹಣ 50 ಕೋಟಿ ರೂಪಾಯಿಗಿಂತ ಕೆಳಗೆ ಇಳಿದರೆ ರಿಸರ್ವ್ ಬ್ಯಾಂಕ್ ತಾನಾಗಿಯೇ ತುಂಬಿಕೊಡಬೇಕು, ಬದಲಿಗೆ ಅಡ್‌ಹಾಕ್ ಖಜಾನೆ ಹುಂಡಿ, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ, ತೆಗೆದುಕೊಳ್ಳಬೇಕು. ತಾತ್ಕಾಲಿಕ ಅನುಕೂಲ ಎಂದು ಶುರುವಾದದ್ದು 42 ವರ್ಷ ನಡೆಯಿತು. ಸರ್ಕಾರ ಎಷ್ಟು ಖರ್ಚು ಮಾಡಿದರೂ ನೋಟು ತಾನಾಗಿ ಬರುವ ವ್ಯವಸ್ಥೆ ಅದು. ಅದನ್ನು ನಿಲ್ಲಿಸಲು 1994ರ ಸೆಪ್ಟೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವರು ಗವರ್ನರ್ ಸಿ. ರಂಗರಾಜನ್ ಮತ್ತು ಹಣಕಾಸು ಸಚಿವ ಮನಮೋಹನ್ ಸಿಂಗ್. 1997ರ ಏಪ್ರಿಲಿನಿಂದ ಅದು ಪೂರ್ತಿ ನಿಂತಿತು. ರಂಗರಾಜನ್ ಅವರ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ. 1991ರ ಗದ್ದಲದಲ್ಲಿ ಜನ ಇದನ್ನು ಗಮನಿಸುವುದಿಲ್ಲ.

ಈಗ 1991. ಯುದ್ಧಕಾಲದ ಆ ಪೌಂಡು 1946ರ ಹೊತ್ತಿಗೆ ಸುಮಾರು 1,733 ಕೋಟಿ ರೂಪಾಯಿಯಷ್ಟಿತ್ತು. ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರ ಆಮದಿನಲ್ಲಿ ಬಹುಪಾಲು ಕರಗಿ 1958ಕ್ಕೆ ನಾವು ಸಾಲ ಕೇಳುವ ದೇಶವಾಗಿದ್ದೆವು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಡಾಲರಿನ ಕೊರತೆ ಎನ್ನುವುದು ನಮಗೆ ಮಾಮೂಲಿ. ಆದರೆ 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿ ಎಣ್ಣೆ ಬೆಲೆ ಏರಿದಾಗ, ಅನಿವಾಸಿ ಭಾರತೀಯರು ಠೇವಣಿ ಹಿಂತೆಗೆಯತೊಡಗಿದಾಗ, ಹೊಸ ಸಾಲ ಹುಟ್ಟದೆ ಹೋದಾಗ, 1991ರ ಜೂನ್ ಹೊತ್ತಿಗೆ ಎರಡು ಮೂರು ವಾರದ ಆಮದಿಗೆ ಆಗುವಷ್ಟು ಮಾತ್ರ ಉಳಿಯಿತು.

ಎಸ್. ವೆಂಕಿಟರಮಣನ್ ಗವರ್ನರ್, ರಂಗರಾಜನ್ ಉಪ ಗವರ್ನರ್. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನವನ್ನು ಮತ್ತೆ ಕೊಂಡುಕೊಳ್ಳುವ ಹಕ್ಕು ಇಟ್ಟುಕೊಂಡು ಸ್ವಿಸ್ ಬ್ಯಾಂಕೊಂದಕ್ಕೆ ಮಾರಿ ಸುಮಾರು 200 ಮಿಲಿಯನ್ ಡಾಲರ್ ತಂದರು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ಮುಂಬಯಿ ಕೋಠಿಯಿಂದ ಸುಮಾರು 47 ಟನ್ ಚಿನ್ನ ತೆಗೆದು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ 405 ಮಿಲಿಯನ್ ಡಾಲರ್ ಎತ್ತಿತು. ವಿಮಾನ ನಿಲ್ದಾಣಕ್ಕೆ ಹೊರಟ ಚಿನ್ನದ ವಾಹನವೊಂದು ದಾರಿಯಲ್ಲಿ ಕೆಟ್ಟು ನಿಂತು ಅಧಿಕಾರಿಗಳ ಜೀವ ಹಾರಿಹೋಗಿತ್ತೆಂದು ಮುಂದೆ ಗವರ್ನರ್ ಆದ ವೈ.ವಿ. ರೆಡ್ಡಿ ನೆನೆದಿದ್ದಾರೆ. ನಿಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯನ್ನು ಮನಸ್ಸಿಗೆ ತಂದುಕೊಳ್ಳಿ. ದೇಶದಲ್ಲಿ ನೆಲದಡಿಯ ಅದಿರಿನಿಂದ ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುತ್ತಿರುವುದು ಬಹುಕಾಲದಿಂದ ಹೆಚ್ಚುಕಡಿಮೆ ಅದೊಂದೇ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಸಿಗುವುದು ಎರಡು ಟನ್ನಿಗಿಂತ ಕಡಿಮೆ. ಒತ್ತೆಗೆ ಹೋದ ಆ 47 ಟನ್ ಅಂದರೆ ಸಾವಿರಾರು ಅಡಿ ಕೆಳಗಿಳಿದು ದುಡಿಯುವ ಕಾರ್ಮಿಕರ ಇಪ್ಪತ್ಮೂರು ವರ್ಷಕ್ಕೂ ಮೀರಿದ ಬೆವರು.

ಚಿನ್ನದ ಜೊತೆಗೇ ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸಿದರು. ಜುಲೈ 1ರಂದು ಒಮ್ಮೆ, ಪೇಟೆಯ ಉಸಿರು ನೋಡಿ ಜುಲೈ 3ರಂದು ಮತ್ತೊಮ್ಮೆ. ಮೊದಲ ಕಂತಿಗೇ ಎದ್ದ ಗಲಾಟೆ ಕಂಡು ಪ್ರಧಾನಿ ನರಸಿಂಹ ರಾವ್ ಅಳುಕಿದರು, ಎರಡನೆಯದನ್ನು ತಡೆಯಿರಿ ಎಂದರು. ಮನಮೋಹನ್ ಸಿಂಗ್ 3ರ ಬೆಳಿಗ್ಗೆ ರಂಗರಾಜನ್ ಅವರಿಗೆ ಫೋನ್ ಮಾಡುವಷ್ಟರಲ್ಲಿ ಹೊಸ ದರ ಪ್ರಕಟವಾಗಿತ್ತು. ಎರಡೂ ಸೇರಿ ರೂಪಾಯಿ ಶೇ 18–19ರಷ್ಟು ಇಳಿದಿತ್ತು. ಆ ವಾರ ನಾನು ಬಳ್ಳಾರಿಯ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಮಾಡುತ್ತಿದ್ದೆ. ಪಠ್ಯದಲ್ಲಿ ಸತ್ತಂತೆ ಬಿದ್ದಿದ್ದ ಪಾವತಿ ಶಿಲ್ಕು (ದೇಶಕ್ಕೆ ಬಂದ, ದೇಶದಿಂದ ಹೋದ ಹಣದ ಲೆಕ್ಕ) ಎಂಬ ಅಧ್ಯಾಯಕ್ಕೆ ಒಮ್ಮೆಲೇ ಜೀವ ಬಂತು. ಕೊನೆ ಬೆಂಚಿನವರೂ ಎದ್ದು ಪ್ರಶ್ನೆ ಕೇಳಿದರು. ಸಂಡೂರಿನಿಂದ ಬರುತ್ತಿದ್ದ ಹುಡುಗನೊಬ್ಬ ‘ಸರ್, ಹಂಗಾದ್ರೆ ನಮ್ಮ ಅದಿರಿಗೆ ರೇಟು ಜಾಸ್ತಿ ಬರ್ತದಲ್ರೀ’ ಅಂದ. ಅಷ್ಟು ಬೇಗ ಹಿಡಿದಿದ್ದ ಅವನು.

ಅವನು ಹೇಳಿದ್ದು ಅರ್ಧ ನಿಜ. ರೂಪಾಯಿ ಇಳಿದರೆ ಅದಿರು, ಅರಳೆ ಮಾರುವವರಿಗೆ ಲಾಭ. ಆದರೆ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಬರುವುದು ಹೊರದೇಶದಿಂದ. ಗದ್ದೆಗೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು, ಡಿಎಪಿಯೂ ಬಹುಪಾಲು ಹಾಗೇ, ಡೀಸೆಲ್ ಕೇಳಲೇಬೇಡಿ. ಒಂದು ಕೈಗೆ ಬಂದದ್ದು ಇನ್ನೊಂದು ಕೈಯಿಂದ ಹೋಗುತ್ತದೆ. ಹಾಗಾಗಿ ರೂಪಾಯಿ ದುರ್ಬಲವೋ ಸಬಲವೋ ಎನ್ನುವುದಕ್ಕಿಂತ ಅದು ಧಡಾರನೆ ಬೀಳದಿರುವುದು ನಮ್ಮಂಥ ಸೀಮೆಗೆ ಮುಖ್ಯ. ಡಾಲರಿನ ಸಂಗ್ರಹ ಕಾಪಾಡುವುದು ಇದನ್ನು.

ಇಲ್ಲಿ ವೈ.ವಿ. ರೆಡ್ಡಿ ಅವರ ಮಾತು ಬರಲೇಬೇಕು. ಅವರು ಕಡಪ ಜಿಲ್ಲೆಯವರು. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿ, ಅನಂತಪುರದ ಜೊತೆ ಕಡಪವೂ ಇತ್ತು. ಹಾಗೆ ನೋಡಿದರೆ ನಮ್ಮ ನೆರೆಯವರು, ಮಳೆ ಕೈಕೊಡುವ ಸೀಮೆಯಲ್ಲಿ ಹುಟ್ಟಿದವರು. 2003ರಿಂದ 2008ರವರೆಗೆ ಅವರು ಗವರ್ನರ್ ಆಗಿದ್ದ ಕಾಲವೂ ಬಳ್ಳಾರಿಯ ಕೆಂಪು ದೂಳಿನ ಕಾಲವೂ ಒಂದೇ. ಚೀನಾಕ್ಕೆ ಅದಿರು ಹೋಗುತ್ತಿತ್ತು, ಹೊರದೇಶದ ಬಂಡವಾಳ ಷೇರುಪೇಟೆಗೆ ನುಗ್ಗುತ್ತಿತ್ತು. ಡಾಲರು ಎಷ್ಟು ಸುರಿಯಿತೆಂದರೆ 2007ರ ಕೊನೆಗೆ ಅದು 39 ರೂಪಾಯಿಗೆ ಬಂತು. ರಿಸರ್ವ್ ಬ್ಯಾಂಕ್ ಕೊಳ್ಳದೆ ಸುಮ್ಮನಿದ್ದಿದ್ದರೆ ಇನ್ನೂ ಇಳಿದು ಅರಳೆ, ಅಕ್ಕಿ, ಅದಿರು ಎಲ್ಲ ರಫ್ತುದಾರರಿಗೂ ಪೆಟ್ಟು ಬೀಳುತ್ತಿತ್ತು. ಡಾಲರು ಕೊಂಡಾಗ ಹುಟ್ಟಿದ ರೂಪಾಯಿ ಬೆಲೆ ಏರಿಸದಂತೆ 2004ರಿಂದ ವಿಶೇಷ ಬಾಂಡ್ ಮಾರಿ ಅದನ್ನು ಪೇಟೆಯಿಂದ ಹೀರಿಕೊಂಡರು. ಮನೆ, ವಾಣಿಜ್ಯ ಕಟ್ಟಡಗಳ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಂಡವಾಳ ತೆಗೆದಿಡುವಂತೆ ಬಿಗಿ ಮಾಡಿದರು. ಆಗ ಅವರನ್ನು ಬೆಳವಣಿಗೆಗೆ ಅಡ್ಡ ನಿಂತವರೆಂದು ಟೀಕಿಸಿದವರು ಬಹಳ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಉರುಳಿದಾಗ ನಮ್ಮವು ನಿಂತವು.

ನೀವು ಕೇಳಿದ ಪ್ರಶ್ನೆಯನ್ನು ಅವರ ಕಾಲದಲ್ಲಿ ದಿಲ್ಲಿಯೇ ಕೇಳಿತ್ತು ಎಂದರೆ ಆಶ್ಚರ್ಯವಾಗಬಹುದು. 2004ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ, ಸಂಗ್ರಹದಿಂದ ವರ್ಷಕ್ಕೆ 5 ಬಿಲಿಯನ್ ಡಾಲರ್ ತೆಗೆದು ಮೂಲಸೌಕರ್ಯಕ್ಕೆ ಹಾಕೋಣ ಎಂದರು. ರಿಸರ್ವ್ ಬ್ಯಾಂಕಿನ ಆಕ್ಷೇಪ ನಾನು ಮೇಲೆ ಹೇಳಿದ್ದೇ: ಸಿಮೆಂಟಿಗೆ, ಕೂಲಿಗೆ ಬೇಕಾದದ್ದು ರೂಪಾಯಿ, ಡಾಲರಲ್ಲ. ಕೊನೆಗೆ ಸಿಕ್ಕ ದಾರಿ ಚಿಕ್ಕದು. ಮೂಲಸೌಕರ್ಯಕ್ಕೆ ಸಾಲ ಕೊಡುವ ಸರ್ಕಾರಿ ಕಂಪನಿಯ ಲಂಡನ್ ಅಂಗಸಂಸ್ಥೆಗೆ 5 ಬಿಲಿಯನ್ ಡಾಲರ್‌ವರೆಗೆ ಸಾಲ, ಅದೂ ಹೊರದೇಶದಿಂದ ಯಂತ್ರ ತರಿಸುವ ಯೋಜನೆಗಳಿಗೆ. ಡಾಲರನ್ನು ಡಾಲರಾಗಿಯೇ ಬಳಸುವುದಾದರೆ ತಪ್ಪಿಲ್ಲ. ಕಾಲುವೆ ತೋಡುವ ಮಣ್ಣು, ಜಲ್ಲಿ, ಕೂಲಿ ಯಾವುದೂ ಡಾಲರಿನದಲ್ಲ.

ಇನ್ನೊಂದು ಸಂಗತಿ. ಚೀನಾ ಹೆಚ್ಚಾಗಿ ಸಾಮಾನು ಮಾರಿ ಉಳಿಸಿದ ಡಾಲರು ಇಟ್ಟುಕೊಂಡಿದೆ. ನಾವು ಹಾಗಲ್ಲ. 2001ರಿಂದ 2004ರವರೆಗಿನಂಥ ಕೆಲವೇ ವರ್ಷ ಬಿಟ್ಟರೆ ನಮ್ಮ ಚಾಲ್ತಿ ಖಾತೆ, ಅಂದರೆ ಹೊರದೇಶಕ್ಕೆ ಸರಕು, ಸೇವೆ ಮಾರಿ ಬಂದದ್ದು ಮತ್ತು ಕೊಳ್ಳಲು ಹೋದದ್ದರ ಲೆಕ್ಕ, ಕೊರತೆಯಲ್ಲೇ ಇರುತ್ತದೆ. ನಮ್ಮಲ್ಲಿ ಜಮಾ ಆಗಿರುವುದು ಬಹುಮಟ್ಟಿಗೆ ಷೇರಿಗೆ ಬಂದ ಹಣ, ಅನಿವಾಸಿಗಳ ಠೇವಣಿ, ಕಂಪನಿಗಳು ತಂದ ಸಾಲ. ಹೇಗೆ ಬಂತೋ ಹಾಗೆ ಹೋಗಬಹುದಾದದ್ದು. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಹಣ ಸುರಿಯುವುದನ್ನು ಕಡಿಮೆ ಮಾಡಬಹುದು ಎಂದಷ್ಟೇ ಹೇಳಿತು. ಆಗಸ್ಟ್ ಕೊನೆಗೆ ಡಾಲರು 68 ದಾಟಿತ್ತು. ರಘುರಾಮ್ ರಾಜನ್ ಸೆಪ್ಟೆಂಬರ್ 4ರಂದು ಗವರ್ನರ್ ಆಗಿ ಬಂದವರೇ ಅನಿವಾಸಿ ಠೇವಣಿಗೆ ರಿಯಾಯಿತಿ ಘೋಷಿಸಿ ಡಾಲರು ಸೆಳೆದರು.

ಸಂಗ್ರಹ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ ಎಂದು ನಾನು ಹೇಳುವುದಿಲ್ಲ. ಅದನ್ನು ಅಮೆರಿಕದಂಥ ಸರ್ಕಾರಗಳ ಸಾಲಪತ್ರದಲ್ಲಿ ಇಟ್ಟು ಕಡಿಮೆ ಬಡ್ಡಿ ಪಡೆಯುತ್ತೇವೆ, ಹೊರಗಿನವರಿಗೆ ಹೆಚ್ಚು ಕೊಡುತ್ತೇವೆ. ಆದರೂ ಬಡ್ಡಿಯಂತೂ ಬರುತ್ತದೆ, ನಿಮ್ಮ ಪ್ರಶ್ನೆಗೆ ನಿಜವಾದ ಮೊನೆ ಸಿಗುವುದು ಇಲ್ಲಿಯೇ. ಆ ಬಡ್ಡಿ ಮತ್ತು ಇತರ ಗಳಿಕೆಯಲ್ಲಿ ಮಿಕ್ಕಿದ್ದನ್ನು ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. 2023–24ರ ಲೆಕ್ಕದಲ್ಲಿ 2,10,874 ಕೋಟಿ ರೂಪಾಯಿ, 2024–25ರ ಲೆಕ್ಕದಲ್ಲಿ 2,68,590 ಕೋಟಿ ರೂಪಾಯಿ. ಅದು ತೆರಿಗೆಯಲ್ಲದ ಆದಾಯ. ಹಾಗಾಗಿ ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಅದು ಸೇರುವುದೇ ಇಲ್ಲ. ರಾಯಚೂರಿನ ಅರಳೆಯ ಡಾಲರಿನಿಂದ ಹುಟ್ಟಿದ ಬಡ್ಡಿಯಲ್ಲಿ ಕರ್ನಾಟಕಕ್ಕೆ ಹಕ್ಕಿನ ಪಾಲು ಏಕಿಲ್ಲ? ಇದನ್ನು ಕೇಳಿ, ಗಟ್ಟಿಯಾಗಿ ಕೇಳಿ. ಇದಕ್ಕೆ ಅರ್ಥಶಾಸ್ತ್ರದ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಹತ್ತಿರದ ಬಾಗಿಲುಗಳೂ ಇವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನಂತರ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ಟಿನಲ್ಲಿ 2023–24ಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಬಳ್ಳಾರಿ ಭಾಗದ ಗಣಿ ಪರಿಸರ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟ್ ಆದೇಶದಡಿ ಕೂಡಿಟ್ಟ ಸಾವಿರಾರು ಕೋಟಿ ಬೇರೆ ಇದೆ. ಇದು ರೂಪಾಯಿ, ನಮ್ಮ ಹೆಸರಿನಲ್ಲೇ ಇರುವ ರೂಪಾಯಿ. ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು ಎಂದು ಕೇಳಿದರೆ ಯಾರೂ ಹಣದುಬ್ಬರದ ನೆಪ ಹೇಳುವಂತಿಲ್ಲ.

ರಿಸರ್ವ್ ಬ್ಯಾಂಕಿನಿಂದ ನಾವು ನ್ಯಾಯವಾಗಿ ಕೇಳಬಹುದಾದದ್ದು ಸಾಲದ ವ್ಯವಸ್ಥೆ. ಅದರಲ್ಲೂ ನೆನೆಯಬೇಕಾದವರಿದ್ದಾರೆ. 1951ರಲ್ಲಿ ಎ.ಡಿ. ಗೋರವಾಲಾ ನೇತೃತ್ವದಲ್ಲಿ ಡಿ.ಆರ್. ಗಾಡ್ಗೀಳ್ ಮೊದಲಾದವರು ಗ್ರಾಮೀಣ ಸಾಲದ ಸಮೀಕ್ಷೆ ನಡೆಸಿದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3.1, ವಾಣಿಜ್ಯ ಬ್ಯಾಂಕುಗಳದ್ದು ಶೇ 0.9. ಸುಮಾರು ಶೇ 70 ಲೇವಾದೇವಿಯವರದ್ದು. ಸ್ಟೇಟ್ ಬ್ಯಾಂಕ್ 1955ರಲ್ಲಿ ಹುಟ್ಟಿದ್ದು ಆ ವರದಿಯಿಂದ. 1975ರಲ್ಲಿ ಎಂ. ನರಸಿಂಹಂ ಸಮಿತಿ ಗ್ರಾಮೀಣ ಬ್ಯಾಂಕುಗಳ ಯೋಚನೆ ಕೊಟ್ಟಿತು. ಮರುವರ್ಷದ ಆರಂಭದಲ್ಲೇ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಾಗಿಲು ತೆರೆಯಿತು. ಅದೇ ಮರ ಬೆಳೆದು, ಬೇರೆ ಬ್ಯಾಂಕುಗಳನ್ನು ಸೇರಿಸಿಕೊಂಡು, ಇವತ್ತು ಇಡೀ ರಾಜ್ಯದ ಗ್ರಾಮೀಣ ಬ್ಯಾಂಕಾಗಿ ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡಿದೆ. ರಿಸರ್ವ್ ಬ್ಯಾಂಕಿನ ನೌಕರವರ್ಗದಿಂದಲೇ ಮೇಲೆ ಬಂದು ಗವರ್ನರ್ ಆದವರು ನರಸಿಂಹಂ ಒಬ್ಬರೇ. 1977ರಲ್ಲಿ ಏಳು ತಿಂಗಳು ಮಾತ್ರ ಇದ್ದುದರಿಂದ ನಿಮ್ಮ ಪರೀಕ್ಷೆಯ ಪುಸ್ತಕದಲ್ಲಿ ಅವರಿಗೆ ಒಂದು ಸಾಲು ಸಿಕ್ಕಿರಬೇಕು.

ಯಾರಿಂದ ಓದಲು ಶುರು ಮಾಡಲಿ ಎಂದರೆ ನಾನು ಐ.ಜಿ. ಪಟೇಲರ ಹೆಸರು ಹೇಳುತ್ತೇನೆ. ಹಣಕಾಸು ನಿಧಿಯಲ್ಲಿ ಕೆಲಸ ಮಾಡಿದವರು, 1977ರಿಂದ 1982ರವರೆಗೆ ಗವರ್ನರ್, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಿರ್ದೇಶಕರು. ಅವರ ಗದ್ಯ ತಿಳಿ. ಆಮೇಲೆ ರೆಡ್ಡಿಯವರ ಭಾಷಣಗಳು.

ಓದಿನ ಜೊತೆಗೆ ಒಂದು ಕೆಲಸ ಮಾಡಿ. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಹೊಂದಿಸುವ ಬ್ಯಾಂಕ್) ಕಚೇರಿಗೆ ಹೋಗಿ ವಾರ್ಷಿಕ ಸಾಲ ಯೋಜನೆಯ ಪ್ರತಿ ಕೇಳಿ. ಠೇವಣಿಗೆ ಎದುರಾಗಿ ಸಾಲ ಎಷ್ಟು ಎಂಬ ಅನುಪಾತ ಚೆನ್ನಾಗಿಯೇ ಕಾಣಬಹುದು, ಅಲ್ಲಿಗೆ ನಿಲ್ಲಬೇಡಿ. ಬೆಳೆ ಸಾಲ ಎಷ್ಟು, ಬಾವಿ, ಯಂತ್ರ, ಗೋದಾಮಿನಂಥ ಹೂಡಿಕೆಗೆ ಎಷ್ಟು, ಸಿಂಧನೂರಿಗೆ ಎಷ್ಟು, ದೇವದುರ್ಗಕ್ಕೆ ಎಷ್ಟು ಎಂದು ಬೇರ್ಪಡಿಸಿ ಬರೆದುಕೊಳ್ಳಿ. ನಿಮ್ಮ ಊರಿನಲ್ಲಿ ಹೊಲ ಗುತ್ತಿಗೆ ಹಿಡಿದವರಲ್ಲಿ ಎಷ್ಟು ಜನಕ್ಕೆ ಬ್ಯಾಂಕಿನ ಸಾಲ ಸಿಕ್ಕಿದೆ, ಎಷ್ಟು ಜನ ಇವತ್ತಿಗೂ ಗೊಬ್ಬರದ ಅಂಗಡಿ, ಅಡತಿ ಅಂಗಡಿಯ ಉದ್ರಿಯಲ್ಲೇ ನಾಟಿ ಮಾಡುತ್ತಾರೆ ಎಂದು ಮನೆಮನೆ ಕೇಳಿ ಬನ್ನಿ. ಎಂ.ಎ. ಪ್ರಬಂಧಕ್ಕೆ ಅದು ಸಾಕು. ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಅಂಕಿಗಳನ್ನು ಕೂತು ನೋಡೋಣ.